ಅನ್ವಯವೂ ಆಂಗ್ಲ ವ್ಯಾಕರಣವೂ

ಇಂದು ದಾವಣಗೆರೆ ಜಿಲ್ಲೆಗೆ ಸೇರಿರುವ ಜಗಳೂರು 1997ರವರೆಗೆ ಚಿತ್ರದುರ್ಗ ಜಿಲ್ಲೆಯ ತಾಲ್ಲೂಕಾಗಿದ್ದಿತು. ಮಳೆ ಕಡಮೆಯಾದ ಇಂಥ ಬಯಲುಸೀಮೆಯ ಊರುಗಳಲ್ಲಿ ಹಿಂದೆ ವಿದ್ಯೆಯೆಂದರೆ ಕೂಲಿಮಠದ ವಿದ್ಯೆ. ಮರಳಿನ ಮೇಲೆ ಅಕ್ಷರ ತಿದ್ದಿದ ಬಾಲಕನು ಮಗ್ಗಿಯೊಡನೆ ಜೈಮಿನಿ ಭಾರತದ ಪದ್ಯಗಳನ್ನೂ ಕಂಠಪಾಠ ಮಾಡುತ್ತಿದ್ದನು. ಮೊದಲು ಲಯ, ಆಮೇಲೆ ಅರ್ಥ. ವ್ಯಾಕರಣವು ಎಲ್ಲಕ್ಕಿಂತ ಕೊನೆಗೆ.

1833ರಲ್ಲಿ ಮುಮ್ಮಡಿ ಕೃಷ್ಣರಾಜ ಒಡೆಯರು ಮೈಸೂರಿನಲ್ಲಿ ಇಂಗ್ಲಿಷ್ ಶಾಲೆಯನ್ನು ತೆರೆದರು. 1868ರಲ್ಲಿ ಬಿ. ಎಲ್. ರೈಸ್ ಅವರ ಹೋಬಳಿ ಶಾಲೆಗಳ ಯೋಜನೆ ಬಂದು, ಸರ್ಕಾರದ ವಿದ್ಯಾಭ್ಯಾಸವು ಹಳ್ಳಿಗಳತ್ತ ನಡೆಯಿತು. ಕಾಲಕ್ರಮದಲ್ಲಿ ಇಂಗ್ಲಿಷ್ ಮೇಲಿನ ಹುದ್ದೆಗಳ ಹೆಬ್ಬಾಗಿಲಾಯಿತು.

ಆ ಬಾಗಿಲು ಸುಲಭವಾಗಿ ತೆರೆಯುವಂಥದಲ್ಲ. ಊರಿನಲ್ಲಿ ಆಡುವವರೇ ಇಲ್ಲದ ನುಡಿಯಲ್ಲಿ ಸೂತ್ರವೇ ಮೊದಲು ಬಂದಿತು. ನಮ್ಮ ಕ್ರಿಯಾಪದವು ವಾಕ್ಯದ ಕೊನೆಗೆ ನಿಂತರೆ, ಅವರದು ಕರ್ತೃವಿನ ಬೆನ್ನಿಗೇ ಬರುವುದು. ನಮ್ಮ ವಿಭಕ್ತಿಯು ನಾಮಪದದ ಕೊನೆಗೆ ಅಂಟಿದರೆ, ಅವರ ಪ್ರಿಪೊಸಿಷನ್ ನಾಮಪದಕ್ಕೆ ಮೊದಲೇ ನಿಲ್ಲುವುದು. ಈ ತೊಡಕಿನಲ್ಲಿ ಸೋತ ಹುಡುಗನು ಕಾವ್ಯದಲ್ಲಿ ಎಷ್ಟೇ ಗಟ್ಟಿಗನಾದರೂ ಹೊರಗೇ ಉಳಿಯಬೇಕಾಗಿದ್ದಿತು.

ಆದರೂ ಈ ಎರಡು ವಿದ್ಯೆಗಳು ಹಗೆಗಳಲ್ಲ. ಷಟ್ಪದಿಯನ್ನು ಬೋಧಿಸುವ ಉಪಾಧ್ಯಾಯರು ಸಂಧಿಯನ್ನು ಬಿಡಿಸಿ, ಕರ್ತೃ, ಕರ್ಮ, ಕ್ರಿಯೆಗಳನ್ನು ಗುರುತಿಸಿ ಅನ್ವಯ ಮಾಡಿಸುವರು. ಇಂಗ್ಲಿಷ್ ತರಗತಿಯ ಪಾರ್ಸಿಂಗ್ ಎಂಬುದೂ ಇದರ ಒಡಹುಟ್ಟೇ. ಇತ್ತ ನಮ್ಮ ಹುಡುಗರು ಆಂಗ್ಲ ವ್ಯಾಕರಣದೊಡನೆ ಹೆಣಗಿದರೆ, ಅತ್ತ ವೆಸ್ಲಿಯನ್ ಪಾದ್ರಿ ಡೇನಿಯಲ್ ಸ್ಯಾಂಡರ್ಸನ್ ಅವರು ಜೈಮಿನಿ ಭಾರತದೊಡನೆ ಹೆಣಗಿ, 1852ರಲ್ಲಿ ಅದನ್ನು ಇಂಗ್ಲಿಷ್ ಅನುವಾದ, ಟಿಪ್ಪಣಿಗಳೊಡನೆ ಬೆಂಗಳೂರಿನಲ್ಲಿ ಪ್ರಕಟಿಸಿದ್ದರು.

ಎರಡನ್ನೂ ಕೂಡಿಸಿದವರ ಫಲವನ್ನು ನಾವು ಬಲ್ಲೆವು. ಹಳೆಯ ಚಿತ್ರದುರ್ಗ ಜಿಲ್ಲೆಯದೇ ಆದ ತಳುಕಿನ ಟಿ. ಎಸ್. ವೆಂಕಣ್ಣಯ್ಯನವರು ಮೈಸೂರು ವಿಶ್ವವಿದ್ಯಾನಿಲಯದ ಮೊದಲ ಕನ್ನಡ ಪ್ರಾಧ್ಯಾಪಕರಾದರು. ಅವರ ಶಿಷ್ಯರಾದ ಕುವೆಂಪು ಅವರ ಮೊದಲ ಕವನ ಸಂಗ್ರಹವು 1922ರಲ್ಲಿ ಇಂಗ್ಲಿಷಿನಲ್ಲಿಯೇ ಹೊರಬಂದಿತು. ಜೇಮ್ಸ್ ಕಸಿನ್ಸ್ ಅವರ ಸಲಹೆಯ ತರುವಾಯ ಅವರು ತಾಯ್ನುಡಿಗೆ ತಿರುಗಿದರು. 1949ರಲ್ಲಿ ಶ್ರೀ ರಾಮಾಯಣ ದರ್ಶನಂ ಮಹಾಕಾವ್ಯವನ್ನು ಗುರುವಿಗೇ ಅರ್ಪಿಸಿದರು.

ಕಿವಿಗೆ ಕಾವ್ಯವನ್ನೂ ಬುದ್ಧಿಗೆ ವ್ಯಾಕರಣವನ್ನೂ ಒಟ್ಟಿಗೆ ಕೊಟ್ಟ ಶಾಲೆ ಮಹಾಕವಿಯನ್ನು ಕಂಡಿತು. ಸೂತ್ರವೊಂದನ್ನೇ ಕೊಟ್ಟ ಶಾಲೆಯಿಂದ ಎಷ್ಟು ಮಂದಿ ಬಾಲಕರು ಮೌನವಾಗಿ ಮನೆಗೆ ಮರಳಿದರೆಂಬುದನ್ನೂ ವಿದ್ಯಾಭ್ಯಾಸದ ಚರಿತ್ರೆಯು ಮರೆಯಬಾರದು.