ಬ್ಯಾಶ್‌ಆರ್‌ಸಿಯಲ್ಲೊಂದು ನಮಸ್ಕಾರ: ದೋಷಸಂಖ್ಯೆಯನ್ನು ಓದುವ ಬಗೆ

ಲಿನಕ್ಸ್ ಸರ್ವರ್‌ಗೆ ಎಸ್‌ಎಸ್‌ಎಚ್ ಮೂಲಕ ಲಾಗಿನ್ ಆಗಲು ಯಾವ ಅಡ್ಡಿಯೂ ಇಲ್ಲ. ಅದೇ ಖಾತೆಗೆ ಎಸ್‌ಎಫ್‌ಟಿಪಿಯಲ್ಲಿ ಫೈಲ್ ಕಳಿಸಹೊರಟರೆ ಮಾತ್ರ ‘ಬಂದ ಸಂದೇಶ ತೀರಾ ಉದ್ದ’ ಎಂಬರ್ಥದ ದೂರು, ಪಕ್ಕದಲ್ಲೊಂದು ಹತ್ತಂಕಿಯ ಸಂಖ್ಯೆ. ಅನುಮಾನ ಮೊದಲು ಹೋಗುವುದು ನೆಟ್‌ವರ್ಕಿನ ಮೇಲೆ, ಆಮೇಲೆ ಫೈರ್‌ವಾಲಿನ ಮೇಲೆ. ಆದರೆ ತಪ್ಪಿನ ಗುರುತು ಆ ಸಂಖ್ಯೆಯಲ್ಲೇ ಇರುತ್ತದೆ.

ತಪ್ಪು ಹುಟ್ಟುವುದು ಬ್ಯಾಶ್ ಶೆಲ್ ಶುರುವಾಗುವಾಗ ಓದುವ ಕಡತದಲ್ಲಿ. ಲಾಗಿನ್ ಶೆಲ್ ಪ್ರೊಫೈಲ್ ಕಡತವನ್ನು ಓದುತ್ತದೆ. ಲಾಗಿನ್ ಅಲ್ಲದ, ಬಳಕೆದಾರ ಎದುರಿಗಿರುವ ಶೆಲ್ ಬ್ಯಾಶ್‌ಆರ್‌ಸಿಯನ್ನು ಓದುತ್ತದೆ. ಇದಕ್ಕೊಂದು ಅಪವಾದವಿದೆ. ದೂರದಿಂದ ಎಸ್‌ಎಸ್‌ಎಚ್ ಮೂಲಕ ಬರೀ ಆದೇಶ ಬಂದಾಗಲೂ, ಎದುರಿಗೆ ಯಾರೂ ಇಲ್ಲದಿದ್ದರೂ, ಡೆಬಿಯನ್ ಮತ್ತು ಉಬುಂಟುವಿನ ಬ್ಯಾಶ್ ಬ್ಯಾಶ್‌ಆರ್‌ಸಿಯನ್ನು ಓದಿಬಿಡುತ್ತದೆ. ಎಸ್‌ಎಫ್‌ಟಿಪಿ ಸರ್ವರ್ ಶುರುವಾಗುವುದೂ ಹೀಗೆಯೇ, ಬಳಕೆದಾರರ ಶೆಲ್ ಮೂಲಕ. ಆ ಕಡತದಲ್ಲಿ ಸ್ವಾಗತದ ಸಾಲೊಂದನ್ನು ಎಕೋ ಮಾಡಿದ್ದರೆ ಅದು ಫೈಲ್ ಸಾಗಣೆಯ ದಾರಿಯಲ್ಲೇ ಹರಿದು ಬರುತ್ತದೆ. 2022ರ ಓಪನ್‌ಎಸ್‌ಎಸ್‌ಎಚ್ 9.0ರಿಂದ ಎಸ್‌ಸಿಪಿ ಕೂಡ ಎಸ್‌ಎಫ್‌ಟಿಪಿಯನ್ನೇ ಬಳಸುವುದರಿಂದ ಅಲ್ಲೂ ಇದೇ ದೂರು ಕಾಣಿಸುತ್ತದೆ.

ಎಸ್‌ಎಫ್‌ಟಿಪಿಯ ಪ್ರತಿ ಸಂದೇಶದ ಮೊದಲ ನಾಲ್ಕು ಬೈಟ್‌ಗಳು ಅದರ ಉದ್ದವನ್ನು ಹೇಳಬೇಕು. ಅಲ್ಲಿ ‘ನಮಸ್ಕಾರ’ ಬಂದರೆ ಕ್ಲೈಂಟ್ ಅದನ್ನೇ ಉದ್ದವೆಂದು ಓದುತ್ತದೆ. ಯುಟಿಎಫ್-8ರಲ್ಲಿ ‘ನ’ ಎಂದರೆ 224, 178, 168 ಎಂಬ ಮೂರು ಬೈಟ್. ನಾಲ್ಕನೆಯದು ‘ಮ’ದ ಮೊದಲ ಬೈಟ್, ಮತ್ತೆ 224. ನಾಲ್ಕನ್ನೂ ಒಂದೇ ಸಂಖ್ಯೆಯಾಗಿ ಓದಿದರೆ 3769805024. ಕ್ಲೈಂಟ್ ಒಪ್ಪುವ ಮಿತಿ 2,62,144 ಬೈಟ್ ಮಾತ್ರ. ಹಾಗಾಗಿ ಅಲ್ಲಿಗೇ ನಿಂತುಬಿಡುತ್ತದೆ.

ಕನ್ನಡದ ಮಟ್ಟಿಗೆ ಇದನ್ನು ಇನ್ನೂ ಖಚಿತವಾಗಿ ಹೇಳಬಹುದು. ಇಂದಿನ ವರ್ಣಮಾಲೆಯ ಯಾವ ಅಕ್ಷರದಿಂದ ಪದ ಶುರುವಾದರೂ ಮೊದಲೆರಡು ಬೈಟ್ 224, 178. ಪದಕ್ಕೆ ಎರಡನೆಯ ಕನ್ನಡ ಸಂಕೇತವೂ ಇದ್ದರೆ (ಸ್ವರಚಿಹ್ನೆಯಾದರೂ ಸರಿ) ನಾಲ್ಕನೆಯದು 224. ಬದಲಾಗುವುದು ಮೂರನೆಯ ಬೈಟ್ ಮಾತ್ರ: ‘ಅ’ಕ್ಕೆ 133, ‘ಹ’ಕ್ಕೆ 185. ಆದ್ದರಿಂದ ಕನ್ನಡದ ಸಾಲು ತರುವ ದೋಷಸಂಖ್ಯೆ 3769796064ರಿಂದ 3769809376ರ ಒಳಗೇ ಇರುತ್ತದೆ. 3769809120 ಕಂಡರೆ ಆ ಸಾಲು ‘ಸ’ದಿಂದ ಶುರುವಾಗಿದೆ, ಬಹುಶಃ ‘ಸ್ವಾಗತ’. ಇಂಗ್ಲಿಷಿನ ‘ವೆಲ್‌ಕಮ್’ ದೊಡ್ಡಕ್ಷರದಿಂದ ಶುರುವಾಗಿದ್ದರೆ 1466264675. ಊಹೆಯ ಮೇಲೆ ಕಡತ ತಿದ್ದುವುದಕ್ಕಿಂತ ಈ ಲೆಕ್ಕ ನನಗೆ ಎಷ್ಟೋ ಮೇಲು. ಯಾವ ಸಾಲನ್ನು ಹುಡುಕಬೇಕೆಂಬುದನ್ನು ಅದು ಮೊದಲೇ ಹೇಳಿಬಿಡುತ್ತದೆ.

ಉಬುಂಟು ಕೊಡುವ ಬ್ಯಾಶ್‌ಆರ್‌ಸಿಯ ಆರಂಭದಲ್ಲೇ, ಎದುರಿಗೆ ಬಳಕೆದಾರರಿಲ್ಲದಿದ್ದರೆ ಓದು ನಿಲ್ಲಿಸುವ ಷರತ್ತಿದೆ. ಸ್ವಾಗತದ ಸಾಲನ್ನು ಅದರ ಕೆಳಗೆ ಇಳಿಸಿದರೆ ಸಾಕು, ಅಳಿಸಬೇಕಾಗಿಲ್ಲ. ಸರಿಹೋಯಿತೇ ಎಂದು ನೋಡಲು ಎಸ್‌ಎಸ್‌ಎಚ್ ಮೂಲಕ ‘ಟ್ರೂ’ ಆದೇಶವನ್ನಷ್ಟೇ ಓಡಿಸಿ, ಬಂದ ಉತ್ತರದ ಬೈಟ್‌ಗಳನ್ನು ಎಣಿಸಬೇಕು. ಸೊನ್ನೆಯೇ ಬರಬೇಕು. ಸರ್ವರಿನಲ್ಲಿ ಒಳಗಿನ ಎಸ್‌ಎಫ್‌ಟಿಪಿ ವ್ಯವಸ್ಥೆಯನ್ನು ಹೊಂದಿಸಿದ್ದರೆ ಶೆಲ್ ಓಡುವುದೇ ಇಲ್ಲ. ಅಂಥಲ್ಲಿ ಈ ದೂರು ಬಂದರೆ ಕಾರಣವನ್ನು ಬೇರೆಡೆ ಹುಡುಕಬೇಕು.