ಏಳು ವರ್ಷ ಮೀನಾಗಿದ್ದ ಕಡಲ ಚೇಳು

ಎಂಟನೇ ತರಗತಿಯಲ್ಲಿ ನಮ್ಮ ವಿಜ್ಞಾನದ ಮೇಷ್ಟ್ರು ಕರಿಹಲಗೆಯ ಮೇಲೆ ಜೇಡ ಬರೆದು ಆರು ಕಾಲು ಹಾಕಿದ್ದರು. "ಎಂಟು ಸಾರ್" ಎಂದು ಎದ್ದು ನಿಂತವನು ನಾನು. ಹೇಳಿದ ಮೇಲೆ ಕೈಕಾಲು ನಡುಗಿತು. ಮೇಷ್ಟ್ರು ಗದರಲಿಲ್ಲ. ಎಲ್ಲರನ್ನೂ ಜಗಲಿಗೆ ಕರೆದೊಯ್ದು, ಮೂಲೆಯ ಬಲೆಯಲ್ಲಿದ್ದ ಜೇಡದ ಕಾಲು ಎಣಿಸಲು ಹೇಳಿದರು. ಒಳಗೆ ಬಂದು ಚಿತ್ರಕ್ಕೆ ಎರಡು ಕಾಲು ಸೇರಿಸಿದರು.

ಜೇಡದ ದೂರದ ನೆಂಟ ಯೂರಿಪ್ಟೆರಸ್‌ನ ಕಥೆ ಓದುವಾಗ ಆ ದಿನ ನೆನಪಾಯಿತು. ಸುಮಾರು 42-43 ಕೋಟಿ ವರ್ಷಗಳ ಹಿಂದೆ, ಈಗಿನ ಉತ್ತರ ಅಮೆರಿಕ, ಯೂರೋಪುಗಳಿರುವ ಕಡೆಯ ಆಳವಿಲ್ಲದ ಕಡಲಿನಲ್ಲಿ ಬಾಳಿ ಅಳಿದ ಪ್ರಾಣಿ ಇದು. ಕೊನೆಯ ಜೋಡಿ ಕಾಲು ದೋಣಿಯ ಹುಟ್ಟಿನಂತೆ ಅಗಲ. ಬಾಲದ ತುದಿಯಲ್ಲಿ ಉದ್ದನೆಯ ಮುಳ್ಳು. ಕಡಲ ಚೇಳು ಎನ್ನುತ್ತಾರೆ, ನಿಜವಾದ ಚೇಳಲ್ಲ.

1818ರಲ್ಲಿ ನ್ಯೂಯಾರ್ಕ್ ರಾಜ್ಯದಲ್ಲಿ ಸಿಕ್ಕ ಇದರ ಪಳೆಯುಳಿಕೆಯನ್ನು ಸ್ಯಾಮ್ಯುಯೆಲ್ ಮಿಚಿಲ್ ಎಂಬವರು ಮೀನು ಎಂದರು, ಅದೂ ಮೀಸೆಯಿರುವ ಮೀನಿನ ಜಾತಿ. ತಲೆಯ ಬಳಿಯ ಸಣ್ಣ ಕಾಲುಗಳು ಮೀಸೆಯಂತೆ ಕಂಡಿರಬೇಕು. ಮಿಚಿಲ್ ಸಾಮಾನ್ಯರಲ್ಲ: ವೈದ್ಯರು, ಪ್ರಾಧ್ಯಾಪಕರು, ಅಮೆರಿಕದ ಸೆನೆಟ್ ಸದಸ್ಯರಾಗಿದ್ದವರು. ನ್ಯೂಯಾರ್ಕಿನ ನಿಸರ್ಗ ವಿಜ್ಞಾನದ ಲೈಸಿಯಂ ಸಂಸ್ಥೆಯ ಮೊದಲ ಅಧ್ಯಕ್ಷರೂ ಅವರೇ. ಅಂಥವರ ಮಾತನ್ನು ತಿದ್ದುವವರು ಯಾರು?

1825ರಲ್ಲಿ ಜೇಮ್ಸ್ ಡಿ ಕೇ ತಿದ್ದಿದರು. ಅವರೂ ವೈದ್ಯರು, ಆಗ ಈಗಿನ ನನ್ನ ವಯಸ್ಸಿನವರು. ಕೀಲಿರುವ ಕಾಲುಗಳನ್ನು ಗಮನಿಸಿ, ಇದು ಮೀನಲ್ಲ, ಸಂಧಿಪದಿ ಎಂದು ತೋರಿಸಿ ಯೂರಿಪ್ಟೆರಸ್ ರೆಮಿಪೆಸ್ ಎಂದು ಹೆಸರಿಟ್ಟರು. ಅಗಲ ರೆಕ್ಕೆಯ, ಹುಟ್ಟಿನಂಥ ಕಾಲಿನ ಪ್ರಾಣಿ ಎಂದರ್ಥ. ಆ ಬರಹ ಅಚ್ಚಾದದ್ದು ಅದೇ ಲೈಸಿಯಂನ ಪತ್ರಿಕೆಯಲ್ಲಿ! ನನಗೆ ಹೆಸರಿಗಿಂತ ಇದೇ ದೊಡ್ಡದಾಗಿ ಕಂಡಿತು. ಹಾಗೆಂದು ಡಿ ಕೇ ಹೇಳಿದ್ದೂ ಪೂರ್ತಿ ಸರಿಯಲ್ಲ. ಅವರು ಇದನ್ನು ಏಡಿ-ಸೀಗಡಿಗಳ ಬಳಗಕ್ಕೆ ಸೇರಿಸಿದ್ದರು. ಜೇಡ, ಚೇಳುಗಳ ನಂಟು ಗೊತ್ತಾಗಲು ಇನ್ನೂ ಹಲವು ದಶಕಗಳು ಬೇಕಾದವು.

1898ರಲ್ಲಿ ಸ್ವೀಡನ್ನಿನ ಗೆರ್ಹಾರ್ಡ್ ಹೋಲ್ಮ್, ಬಾಲ್ಟಿಕ್ ಕಡಲಿನ ಸಾರೆಮಾ ದ್ವೀಪದ ಕಲ್ಲನ್ನು ಆಮ್ಲದಲ್ಲಿ ಕರಗಿಸಿ, ಒಳಗಿದ್ದ ಹೊರಕವಚವನ್ನು ಬಿಡಿಸಿ ತೆಗೆದರು. ಅಷ್ಟು ಹಳೆಯ ಪ್ರಾಣಿಯ ಕಾಲಿನ ಸಣ್ಣ ಸಣ್ಣ ಮುಳ್ಳುಗಳನ್ನೂ ಎಣಿಸಬಹುದಿತ್ತು.

ಇದನ್ನು ಓದಿದ ಈಗಿನ ಹುಡುಗರು ಸುತ್ತಿಗೆ ಹಿಡಿದು ಶಾಲೆಯ ಹಿಂದಿನ ಬಂಡೆಗೆ ಹೋಗಬೇಡಿ. ನಮ್ಮ ಕಡೆಯ ಈ ಬಂಡೆಗಳಿಗೆ 250 ಕೋಟಿ ವರ್ಷ ದಾಟಿದೆ. ಆಗ ಕಾಲಿರುವ ಪ್ರಾಣಿಯೇ ಹುಟ್ಟಿರಲಿಲ್ಲ. ಜೇಡ ಬೇಕಾದರೆ ಜಗಲಿಯಲ್ಲಿ ಈಗಲೂ ಸಿಗುತ್ತದೆ.