ಚಳಿಗಾಲದ ರೊಟ್ಟಿ ಅಗ್ಗ ಇದ್ದದ್ದು ಹೆಂಗ?



ಬನಹಟ್ಟಿ ಸುತ್ತ ಚಳಿ ಸುರುವಾಗೇತಿ. ಸಂತಿಯೊಳಗ ಜ್ವಾಳದ ರೇಟ ಕೇಳಿದವರು "ಮನ್ಯಾಗ ಅಡಿಗಿ ಮಾಡಿ ಉಂಡ್ರೂ ಏನೂ ಉಳಿಯೂದಿಲ್ಲ" ಅಂತಾರ. ಖರೇನ. ಆದ್ರ ನಮ್ಮ ಹಿರ್ಯಾರಿಗೆ ಉಳೀತಿತ್ತು.

ನಮ್ಮ ಎರಿ ಭೂಮಿಯಲ್ಲಿ ಹಿಂಗಾರಿ ಜೋಳ ಮಣ್ಣಿನ ಹಸಿ ಹಿಡಿದೇ ಬೆಳೆಯುತ್ತಿತ್ತು. ನಡುವೆ ಅಕ್ಕಡಿ ಸಾಲಿನಲ್ಲಿ ಕುಸುಬಿ, ಕಡ್ಲಿ, ಅಗಸಿ. ಕುಸುಬಿಯಿಂದ ಎಣ್ಣಿ, ಕಡ್ಲಿಯಿಂದ ಝುಣಕದ ಹಿಟ್ಟು, ಅದರ ಎಳೆ ಕುಡಿಯಿಂದ ಪಲ್ಲೆ, ಅಗಸಿಯಿಂದ ಹಿಂಡಿ. ಒಲಿಗೆ ಹತ್ತಿ ಕಟಗಿ, ತೊಗರಿ ಕಟಗಿ, ಕುಳ್ಳು. ಒಮ್ಮೆ ಒಲಿ ಹಚ್ಚಿದರೆ ಹತ್ತು ಹದಿನೈದು ದಿನದ ರೊಟ್ಟಿ ಬಡಿದು ಕಡಕ್ ಮಾಡಿ ಇಡುತ್ತಿದ್ದರು. ಉರಿಯೂ ಉಳಿಯಿತು, ಮನಿಯೂ ಬೆಚ್ಚಗಾಯಿತು. ಬೀಸಿ, ಬಡಿದ ಹೆಣ್ಮಕ್ಕಳ ಕೂಲಿಯನ್ನ ಮಾತ್ರ ಆ ಲೆಕ್ಕದಾಗ ಯಾರೂ ಹಿಡಿಯಲಿಲ್ಲ.

ಒಂದು ಮಾತು ಮರೀಬಾರದು. ಹೊಸ ಜೋಳ ಬರೋದು ಫೆಬ್ರುವರಿ ಸುಮಾರಿಗೆ. ಅಂದ್ರ ಚಳಿಗಾಲದಾಗ ತಿನ್ನೋದು ಹಿಂದಿನ ವರ್ಷದ ಕಾಳು. ಅಷ್ಟೊತ್ತಿಗೆ ಕಾಳು ತೀರಿದವನು ಸಾಹುಕಾರನ ಬಾಗಿಲಿಗೆ ಹೋಗಬೇಕು. ಅದಕ್ಕೇ ಹಗೇವು. ನೆಲದಾಗ ತಗ್ಗು ತೋಡಿ, ಸುತ್ತ ಹುಲ್ಲು ಕೊಟ್ಟು, ಜೋಳ ತುಂಬಿ, ಬಾಯಿಗೆ ಮಣ್ಣು ಮೆತ್ತುತ್ತಿದ್ದರು. ಒಳಗಿನ ಗಾಳಿಯನ್ನ ಕಾಳೇ ತೀರಿಸುತ್ತದೆ, ಹುಳ ಬದುಕೋದಿಲ್ಲ. ತೆರೆದ ಕೂಡಲೇ ಮಾತ್ರ ಒಳಗ ಇಳಿಯಬಾರದು. ಉಸಿರು ಕಟ್ಟಿ ಜೀವಾ ಹೋಗತದ.

ಮುಂದ 1989ರಲ್ಲಿ ಜಮಖಂಡಿ ತಾಲೂಕಿನ ಚಿಕ್ಕಪಡಸಲಗಿಯಲ್ಲಿ ರೈತರೇ ಸಿದ್ದು ನ್ಯಾಮಗೌಡರ ಮುಂದಾಳತ್ವದಲ್ಲಿ ದುಡ್ಡು, ಬೆವರು ಹಾಕಿ ಕೃಷ್ಣಾ ನದಿಗೆ ಬ್ಯಾರೇಜ್ ಕಟ್ಟಿದರು. ನೀರು ಬಂತು, ಕಬ್ಬು ಬಂತು. ಅದಕ್ಕ ನಾ ಹೆಸರಿಡೂದಿಲ್ಲ. ಆ ನೀರಿಗಾಗಿ ಎಷ್ಟು ಮಂದಿ ಕಾದಿದ್ದರೋ. ಆದ್ರ ನೀರಾವರಿ ಹೊಲದಿಂದ ಜೋಳ ಹೋಯ್ತು, ಅದರ ಜೋಡಿ ಅಕ್ಕಡಿಯೂ ಹೋಯ್ತು. ಹಗೇವಿಗೆ ಒಣ ನೆಲ ಬೇಕು, ಹಸಿ ತಾಗಿದರೆ ಕಾಳು ಮುಗ್ಗತದ, ಅವೂ ಮುಚ್ಚಿದವು. ಈಗ ರೊಟ್ಟಿ ಮನೀದು, ಹಿಟ್ಟು ಅಂಗಡೀದು.

ನನ್ನ ಲೆಕ್ಕ ನೋಡ್ರಿ. ಮನ್ಯಾಗ ಐದು ಮಂದಿ, ದಿನಕ್ಕ ದೀಡ ಕಿಲೋ ಹಿಟ್ಟು. ನಾಲ್ಕು ತಿಂಗಳಿಗೆ 1.8 ಕ್ವಿಂಟಲ್. 2024-25ರಲ್ಲಿ ಮಾಲದಂಡಿ ಜೋಳಕ್ಕ ಸರಕಾರದ ಬೆಂಬಲ ಬೆಲೆಯೇ ಕ್ವಿಂಟಲಿಗೆ 3,421 ರೂಪಾಯಿ. ಆ ದರದಾಗ ಹಿಡಿದ್ರೂ ಆರು ಸಾವಿರದ ಮ್ಯಾಲ, ಅದೂ ಬರೇ ರೊಟ್ಟಿಗೆ. ಎಣ್ಣಿ, ಬ್ಯಾಳಿ ಬ್ಯಾರೆ. ಕಬ್ಬಿನ ಬಿಲ್ಲು ತಡ ಆದ ವರ್ಷ ಇದು ಸಾಲದ ದುಡ್ಡು.

ಅದಕ್ಕ ಕಬ್ಬಿನ ಮಗ್ಗಲ 20 ಗುಂಟೆ ಮಾಲದಂಡಿ ಹಾಕೇನಿ. ಸೊಲ್ಲಾಪುರ ಜಿಲ್ಲೆಯ ಮೋಹೋಳದಾಗ ಸ್ಥಳೀಯ ತಳಿಯಿಂದ ಆರಿಸಿದ ಎಂ-35-1. ಹದಾ ಸಿಕ್ಕರ ಎರಡು ಕ್ವಿಂಟಲ್ ಬಂದೀತು, ಎತ್ತಿಗೆ ಕಣಿಕಿ ಬ್ಯಾರೆ. ಸಾಲಿನ ನಡುವ ಕುಸುಬಿ ಈಗ ಹೂವಿಗೆ ಬಂದೈತಿ. ಬೀಜ ಬೇಕಾದವರು ಸುಗ್ಗಿಯೊಳಗ ಬರ್ರಿ, ಛಲೋ ತೆನಿ ಆರಿಸಿ ಇಟ್ಟಿರತೇನಿ.